ಹಸಿದ ಕೌದಿ

ಒಂದಾನೊಂದು ಕಾಲದಲ್ಲಿ, ಸೂಜಿಗೆ ಒಂದೇ ಕಣ್ಣಿದ್ದರೂ ಊರೆಲ್ಲ ಕಾಣುತ್ತಿದ್ದ ಕಾಲದಲ್ಲಿ, ಬಾಳವ್ವ ಅಂತ ಒಬ್ಬಳು ಕೌದಿ ಹೊಲಿಯೋಳು ಇದ್ದಳಂತೆ. ಕಾಲು ಒಳಗೆ ಎಳಕೋ ಕೂಸೇ, ಚಳಿ ಹೊಡೆಯುತ್ತೆ. ನೀನು ಹೊದ್ದಿದ್ದೀಯಲ್ಲ, ಹಳೇ ಸೀರೆ ಮೇಲೆ ಹಳೇ ಸೀರೆ ಹಾಸಿ ಹೊಲಿದದ್ದು, ಅದೇ ಕೌದಿ.

ಬಾಳವ್ವನಿಗೆ ಧಣಿ ಅಂತ ಯಾರೂ ಇರಲಿಲ್ಲವಂತೆ, ತಿಂಗಳ ಸಂಬಳ ಅಂತಾನೂ ಇರಲಿಲ್ಲವಂತೆ. ಇವತ್ತು ಇವರ ಮನೆ ಕಟ್ಟೆ, ನಾಳೆ ಅವರ ಮನೆ ಕಟ್ಟೆ, ಯಾರು ಕರೆದರೆ ಅಲ್ಲಿ ಕೂತು ಹೊಲಿಯೋದು, ಕೂಲಿ ಇಸಕೊಂಡು ಏಳೋದು. ಚಿಕ್ಕಂದಿನಿಂದ ಕಂಡವರ ಕಟ್ಟೆ ಮೇಲೆ ಕೂತೂ ಕೂತೂ ಅವಳಿಗೆ ಇದ್ದದ್ದು ಒಂದೇ ಆಸೆಯಂತೆ. ನನ್ನದೂ ಅಂತ ಒಂದು ಕಟ್ಟೆ ಇರಬೇಕು, ಅದರ ಮೇಲೆ ನಾನು ಕಾಲು ಚಾಚಿ ಕೂತರೆ ಯಾರೂ ಏಳು ಅನ್ನಬಾರದು ಅಂತ.

ಅವಳು ಬಾಡಿಗೆಗಿದ್ದ ಮನೆ ಕಾಶವ್ವ ಅನ್ನೋ ಮುದುಕಿಯದು. ಆ ಮುದುಕಿ ಮಗಳ ಊರಿಗೆ ಹೊರಟು ನಿಂತಳಂತೆ. ನೋಡೇ ಬಾಳಿ, ದೀಪಾವಳಿ ಪಾಡ್ಯದ ದಿವಸ ಒಂದು ಸೇರು ತುಂಬ ದುಡ್ಡು ಅಳೆದುಕೊಟ್ಟರೆ ಮನೆ, ಕಟ್ಟೆ ಎರಡೂ ನಿನ್ನವು, ಇಲ್ಲದಿದ್ದರೆ ಗಾಣದ ಈರಪ್ಪ ಕೇಳ್ತಿದ್ದಾನೆ, ಅವನಿಗೆ ಕೊಟ್ಟುಬಿಡ್ತೀನಿ ಅಂದಳಂತೆ. ಬಾಳವ್ವ ಗಡಿಗೆ ಬೋರಲು ಹಾಕಿ ನೋಡಿದರೆ ಅರ್ಧ ಸೇರು ಇತ್ತಂತೆ. ಈರಪ್ಪ ದಿನಾ ಸಂಜೆ ಹಗ್ಗ ತಂದು ಕಟ್ಟೆ ಅಳೆಯೋನಂತೆ. ಏನಪ್ಪಾ ಅಂದರೆ, ಏನಿಲ್ಲ ಯಕ್ಕಾ, ನನ್ನ ಎತ್ತು ಉದ್ದ ಮಲಗುತ್ತೋ ಅಡ್ಡ ಮಲಗುತ್ತೋ ನೋಡ್ತಿದ್ದೆ ಅನ್ನೋನಂತೆ. ಬಾಳವ್ವ ಸೂಜಿಗೆ ದಾರ ಪೋಣಿಸೋಳಂತೆ.

ಆಮೇಲೆ ಅದೃಷ್ಟ ನೋಡು, ಒಂದೇ ತಿಂಗಳಲ್ಲಿ ಮೂರು ದೊಡ್ಡ ಕಡೆಯಿಂದ ಕರೆ ಬಂತಂತೆ. ಮೊದಲು ಗುರಸಿದ್ದಪ್ಪ ಸಾವ್ಕಾರ, ಆಮೇಲೆ ದೇಸಾಯರು, ಆಮೇಲೆ ಸಾಕ್ಷಾತ್ ರಾಜ. ಮೂರು ಕೌದಿ ಹೊಲಿದರೆ ಸೇರು ತುಂಬಿ ಮೇಲೆ ರಾಶಿ ಏರುತ್ತೆ ಅಂತ ಬಾಳವ್ವ ಕುಣಿದಾಡಿಬಿಟ್ಟಳಂತೆ. ಬೆರಳು ತೂತು ಬೀಳೋ ಹಾಗೆ ಹೊಲಿದಳಂತೆ, ಸಾವ್ಕಾರನಿಗೆ ಬಾಳೆಕಾಯಿ ಅಂಚು, ದೇಸಾಯರಿಗೆ ನವಿಲುಗಣ್ಣು, ರಾಜನಿಗೆ ಏಳು ಬಣ್ಣದ ಚೌಕ.

ಆದರೆ ಮೂರಕ್ಕೂ ಒಂದೊಂದು ಮೂಲೆ ಹೊಲಿಯದೆ ಬಿಟ್ಟಳಂತೆ. ಯಾಕೆ ಅಂತ ಕೇಳು. ಕೌದಿಯನ್ನ ಖಾಲಿ ಹೊಟ್ಟೆಯಲ್ಲಿ ಕಳಿಸಬಾರದು ಅಂತ ಅವಳ ಅವ್ವನ ಕಾಲದಿಂದ ನಡೆದು ಬಂದದ್ದು. ಆ ಕೌದಿಯ ಕೂಲಿಯಿಂದಲೇ ಬೇಳೆ ಬೆಲ್ಲ ತಂದು, ಹೋಳಿಗೆ ಮಾಡಿ, ಒಂದು ತುತ್ತು ಆ ಮೂಲೆಯೊಳಗೆ ಇಟ್ಟು, ಆಮೇಲೆ ಬಾಯಿ ಹೊಲಿಯಬೇಕು. ಬೇರೆ ದುಡ್ಡಿನ ತುತ್ತು ಅದಕ್ಕೆ ಒಗ್ಗೋದಿಲ್ಲ. ಕೂಲಿ ಕೊಡ್ರಿ, ನಾಳೆ ಬಂದು ಮೂಲೆ ಮುಚ್ಚಿಕೊಡ್ತೀನಿ ಅಂದಳಂತೆ. ಮೂವರೂ, ಅಯ್ಯೋ ಇಷ್ಟಗಲದ ತೂತು, ಅದಕ್ಕೇನು ಅವಸರ ಅಂತ ಕೌದಿ ಒಳಗೆ ಒಯ್ದರಂತೆ.

ಸರಿ, ಬಾಳವ್ವ ಕೂಲಿ ಕೇಳಲಿಕ್ಕೆ ಸಾವ್ಕಾರನ ಮನೆಗೆ ಹೋದಳಂತೆ. ಇವತ್ತು ಮಂಗಳವಾರ, ದುಡ್ಡು ಹೊರಗೆ ಹೋಗಬಾರದು, ನಾಳೆ ಬಾ ಅಂದನಂತೆ. ನಾಳೆ ಹೋದರೆ ಸಾವ್ಕಾರ ಊರಲ್ಲಿಲ್ಲ. ಆಮೇಲೆ ಹೋದರೆ ಶುಕ್ರವಾರ, ಲಕ್ಷ್ಮಿ ಮನೆಯಲ್ಲಿ ಕೂತಿದ್ದಾಳೆ, ಎಬ್ಬಿಸಬಾರದು. ಆಮೇಲೆ ಅಮಾವಾಸ್ಯೆ. ಆಮೇಲೆ ದೀಪ ಹಚ್ಚಿಯಾಯ್ತು, ಇನ್ನು ಕೊಡಬಾರದು. ಬಾಳವ್ವನಿಗೆ ಸಿಟ್ಟು ಬಂದು, ಸಾವ್ಕಾರ್ರೇ, ಬಾಗಿಲ ಮೇಲೆ ನಾಳೆ ಬಾ ಅಂತ ಬರೆದರೆ ದೆವ್ವ ಹಿಂದಕ್ಕೆ ಹೋಗುತ್ತಂತೆ, ನಾನು ದೆವ್ವ ಅಲ್ಲ, ಕೂಲಿಯವಳು ಅಂದಳಂತೆ. ಸಾವ್ಕಾರ ಹೊಟ್ಟೆ ಕುಣಿಸಿ ನಕ್ಕು, ಒಳ್ಳೇ ಮಾತಾಡ್ತೀಯವ್ವಾ, ನಾಳೆ ಬಾ ಅಂದನಂತೆ.

ದೇಸಾಯರು ಹಾಗಲ್ಲ, ಮಾತಿಗೆ ಮುಂಚೆ ಚೀಟಿ ಬರೆದು ಕೊಟ್ಟರಂತೆ. ಹೊಳೆ ಆಚೆ ನಮ್ಮ ಕಚೇರಿ ಇದೆ, ಅಲ್ಲಿ ತೋರಿಸಿದರೆ ಕೈಗೆ ದುಡ್ಡು ಅಂದರಂತೆ. ಹೊಳೆ ದಾಟಿಸಲಿಕ್ಕೆ ಅಂಬಿಗ ಕಾಸು ಕೇಳಿದನಂತೆ, ಕಚೇರಿ ಬಾಗಿಲು ತೆಗೆಯಲಿಕ್ಕೆ ಕಾವಲುಗಾರ ಕಾಸು ಕೇಳಿದನಂತೆ, ಒಳಗಿದ್ದ ಗುಮಾಸ್ತ ಚೀಟಿಯನ್ನ ಹಿಂದೆ ಮುಂದೆ ತಿರುಗಿಸಿ, ಮುದ್ರೆ ಒತ್ತೋನು ಮಾವನ ಮನೆಗೆ ಹೋಗಿದ್ದಾನೆ, ಹಬ್ಬ ಮುಗಿದಮೇಲೆ ಬಾ ಅಂದನಂತೆ. ಕೂಲಿ ತರಲಿಕ್ಕೆ ಹೋದವಳು ಅಂಬಿಗನಿಗೆ ಸಾಲ ಹೇಳಿ ವಾಪಸ್ ಬಂದಳಂತೆ.

ರಾಜ ಅಂತೂ ಕೈ ಎತ್ತಿ ಕೊಟ್ಟನಂತೆ. ಏನು ಕೊಟ್ಟ ಅಂತೀಯ, ಒಂದು ಬಂಗಾರದ ನಾಣ್ಯ, ಜೋಳದ ರೊಟ್ಟಿಯಷ್ಟು ಅಗಲ, ಮೇಲೆ ರಾಜನ ಮುಖ! ನೂರು ಕೌದಿಯ ಕೂಲಿಗಿಂತ ಜಾಸ್ತಿಯೇ ಆಯ್ತು. ಬಾಳವ್ವ ತಲೆ ಮೇಲೆ ಹೊತ್ತುಕೊಂಡು ಸಂತೆಗೆ ಹೋಗಿ, ಬೆಲ್ಲ ಕೊಡಪ್ಪಾ, ಉಳಿದದ್ದು ಚಿಲ್ಲರೆ ಕೊಡು ಅಂದಳಂತೆ. ಬೆಲ್ಲದವನು ಕಣ್ಣು ಕಣ್ಣು ಬಿಟ್ಟು, ಯವ್ವಾ, ನನ್ನ ಅಂಗಡಿ, ಪಕ್ಕದವನ ಅಂಗಡಿ, ಮೇಲೆ ನನ್ನ ಅತ್ತೆಯನ್ನ ಕೊಟ್ಟರೂ ಇದಕ್ಕೆ ಚಿಲ್ಲರೆ ಹುಟ್ಟೋದಿಲ್ಲ, ಅತ್ತೆ ಬೇಕಾದರೆ ಸುಮ್ಮನೆ ಒಯ್ಯಿ ಅಂದನಂತೆ. ಕತ್ತರಿಸೋಣ ಅಂದರೆ ರಾಜನ ಮುಖ ಕತ್ತರಿಸಿದ ಹಾಗೆ, ಕೈ ಕಡೀತಾರೆ. ಕಾಶವ್ವನ ಮುಂದೆ ಇಟ್ಟರೆ, ನಿನ್ನ ಹೊರೆ ನನ್ನ ತಲೆಗೆ ಬೇಡವೇ ತಾಯಿ, ದಾರಿಯಲ್ಲಿ ಕಳ್ಳರು ನನ್ನ ಸಮೇತ ಹೊತ್ತುಕೊಂಡು ಹೋಗ್ತಾರೆ ಅಂದಳಂತೆ.

ನಿದ್ದೆ ಬಂತೇನು? ಇಲ್ಲವಾ? ಸರಿ, ಕೇಳು.

ಪಾಡ್ಯಕ್ಕೆ ಒಂದೇ ದಿನ ಉಳಿದಾಗ ಓಣಿಯ ಹೆಂಗಸರು, ಸಿಕ್ಕಷ್ಟು ತಗೊಂಡು ಕೈ ಮುಗಿದು ಬಾರೇ, ದೊಡ್ಡವರ ಹತ್ತಿರ ಜಗಳ ಯಾಕೆ ಅಂದರಂತೆ. ಕೈ ದುಡಿದದ್ದಕ್ಕೆ ಕೈ ಮುಗಿಯೋದು ನನಗೆ ಬರೋದಿಲ್ಲ ಅಂದಳಂತೆ ಬಾಳವ್ವ. ಹಾಗಂದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳಂತೆ, ಆಮೇಲೆ ಮುಖ ತೊಳಕೊಂಡು ಬಂದು ಕಟ್ಟೆ ಸಾರಿಸಿದಳಂತೆ, ಯಾರದಾದರೂ ಆಗಲಿ, ಹಬ್ಬಕ್ಕೆ ಚೊಕ್ಕ ಇರಲಿ ಅಂತ.

ಅದೇ ಮಧ್ಯಾಹ್ನ ಸಾವ್ಕಾರ ಉಂಡು ಕೌದಿ ಹೊದ್ದು ಮಲಗಿದನಂತೆ. ಪಚಪಚ, ಪಚಪಚ ಅಂತ ಸದ್ದು. ಕಣ್ಣು ಬಿಟ್ಟು ನೋಡಿದರೆ ಕೌದಿಯ ಮೂಲೆ ಬಾಯಿ ತೆರೆದುಕೊಂಡು ಅವನ ನಶ್ಯದ ಡಬ್ಬಿ ಅಗಿಯುತ್ತಿತ್ತಂತೆ! ಎಳೆಯೋದರೊಳಗೆ ಉಗ್ರಾಣದ ಬೀಗದಕೈ ಗೊಂಚಲೂ ಗುಳುಂ! ಅಲ್ಲಿ ದೇಸಾಯರು ಒಂದು ಜೊಂಪು ತೆಗೆದು ಎದ್ದರೆ ಎಡಗಡೆ ಮೀಸೆ ಇರಲಿಲ್ಲವಂತೆ. ಅರಮನೆಯಲ್ಲಿ ರಾಜನ ರುಮಾಲು ಮೊಳ ಮೊಳ ಒಳಗೆ ಹೋಗುತ್ತಿತ್ತಂತೆ, ಈ ತುದಿ ರಾಜ ಎಳೆಯೋದು, ಆ ತುದಿ ಕೌದಿ ಎಳೆಯೋದು.

ಆಮೇಲೆ ಏನಂತೀ, ಮೂವರೂ ಕೌದಿ ಹೊತ್ತು ಬಾಳವ್ವನ ಕಟ್ಟೆ ಮುಂದೆ ಬಂದು ನಿಂತರಂತೆ. ಊರೆಲ್ಲ ಬಾಯಿ ಮೇಲೆ ಸೆರಗು ಇಟ್ಟುಕೊಂಡು ನೋಡುತ್ತಿತ್ತಂತೆ. ಇದರ ಬಾಯಿ ಹೊಲಿದುಕೊಡು ಮಾರಾಯ್ತಿ ಅಂದರಂತೆ.

ಬಾಳವ್ವ ಏಳಲಿಲ್ಲವಂತೆ. ಹಸಿದವರ ಬಾಯಿ ಹೊಲಿಯೋ ಪದ್ಧತಿ ನಮ್ಮಲ್ಲಿ ಇಲ್ಲ, ಮೊದಲು ಅದಕ್ಕೆ ಉಣಿಸ್ರಿ ಅಂದಳಂತೆ. ಏನು ಉಣಿಸೋಣ ಅಂದರೆ, ನನಗೆ ಏನು ಉಣಿಸಿದ್ರೋ ಅದನ್ನೇ ಉಣಿಸ್ರಿ, ನನಗೆ ಆದದ್ದು ಅದಕ್ಕೂ ಆದೀತು ಅಂದಳಂತೆ.

ಸಾವ್ಕಾರ ಕೌದಿಯ ಮುಂದೆ ಕೂತು, ನಾಳೆ ಬಾ ತಂಗೀ, ಇವತ್ತು ಅಮಾವಾಸ್ಯೆ ಅಂದನಂತೆ. ಕೌದಿ ಅವನ ಧೋತರದ ಕಚ್ಚೆಗೇ ಬಾಯಿ ಹಾಕಿತಂತೆ. ದೇಸಾಯರು ಇನ್ನೊಂದು ಚೀಟಿ ಬರೆದು ಮಡಚಿ ಬಾಯೊಳಗೆ ಇಟ್ಟರಂತೆ, ಥೂ ಅಂತ ಉಗುಳಿತಂತೆ, ಅದು ಹೋಗಿ ಅವರ ಹಣೆಗೇ ಅಂಟಿತಂತೆ. ರಾಜ ಬಾಳವ್ವನ ಹತ್ತಿರ ಇದ್ದ ಅದೇ ರೊಟ್ಟಿಯಗಲದ ನಾಣ್ಯ ಇಸಕೊಂಡು ತುರುಕಿದನಂತೆ. ಅದು ಗಂಟಲಲ್ಲಿ ಅಡ್ಡ ಸಿಕ್ಕಿಕೊಂಡು ಕೌದಿ ಹೇಗೆ ಕೆಮ್ಮಿತು ಅಂದರೆ, ಬಿಳಿ ನೂಲಿನ ಚೂರು ಹಾರಿ ರಾಜನ ಕಿವಿ ಮೂಗೆಲ್ಲ ಬೆಳ್ಳಗಾಯ್ತಂತೆ.

ಬಾಳವ್ವ ಎದ್ದು ಕೌದಿಯ ಬೆನ್ನು ಸವರಿ ನಾಣ್ಯ ಹೊರಗೆ ತೆಗೆದು, ರಾಜನ ಕೈಯಲ್ಲಿ ಇಟ್ಟು, ಮಹಾಸ್ವಾಮೀ, ಹೆಚ್ಚು ಕೊಟ್ಟಿದ್ದು ನಿಮ್ಮ ದೊಡ್ಡತನ, ಆದರೆ ಇದರಲ್ಲಿ ಒಂದು ಉಂಡೆ ಬೆಲ್ಲ ಬರೋದಿಲ್ಲ. ನನಗೆ ದೊಡ್ಡತನ ಬೇಡ, ಕೂಲಿ ಬೇಕು, ಸಂತೆಯಲ್ಲಿ ನಡೆಯೋ ಹಾಗೆ ಅಂದಳಂತೆ. ರಾಜನಿಗೆ ನಾಚಿಕೆ ಆಗಿ, ಅರಮನೆಯಲ್ಲಿ ಚಿಲ್ಲರೆ ಎಣಿಸೋದು ಸಣ್ಣತನ ಅಂತ ನಮ್ಮಪ್ಪ ಹೇಳಿದ್ದ ಕಣವ್ವಾ ಅಂದನಂತೆ. ಇವತ್ತು ಎಣಿಸಿ ನೋಡ್ರಿ, ಬೆರಳೇನು ಸವೆಯೋದಿಲ್ಲ ಅಂದಳಂತೆ. ಆಮೇಲೆ ರಾಜ ಚಿಲ್ಲರೆ ಚೀಲ ತರಿಸಿ, ಅವಳ ಕಟ್ಟೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎಣಿಸಿದನಂತೆ. ರಾಜನೇ ಎಣಿಸಿದಮೇಲೆ ಇನ್ನಿಬ್ಬರು ನಿಂತಾರಾ? ಸಾವ್ಕಾರ ಅಮಾವಾಸ್ಯೆ ದಿವಸವೇ ಸೊಂಟದ ಚೀಲ ಬಿಚ್ಚಿದನಂತೆ. ದೇಸಾಯರು ಕೂಲಿಯ ಜೊತೆ ಅಂಬಿಗನ ಕಾಸು, ಕಾವಲುಗಾರನ ಕಾಸು ಕೂಡಿಸಿ ಇಟ್ಟರಂತೆ.

ಬಾಳವ್ವ ಅದರಲ್ಲೇ ಬೇಳೆ ಬೆಲ್ಲ ತಂದು, ಹೋಳಿಗೆ ಬೇಯಿಸಿ, ತುಪ್ಪ ಸವರಿ, ಮೂರು ಬಾಯಿಗೂ ಒಂದೊಂದು ತುತ್ತು ಇಟ್ಟಳಂತೆ. ಮೂರು ಕೌದಿಯೂ ಡರ್ ಅಂತ ತೇಗಿದವಂತೆ. ಡಬ್ಬಿ ಬಂತು, ಬೀಗದಕೈ ಬಂತು, ರುಮಾಲು ಬಂತು. ದೇಸಾಯರ ಮೀಸೆ ಮಾತ್ರ ಬರಲಿಲ್ಲ, ಅದು ಜೀರ್ಣ ಆಗಿಬಿಟ್ಟಿತ್ತಂತೆ. ಆಮೇಲೆ ಬಾಳವ್ವ ಮೂರೂ ಮೂಲೆ ಹೊಲಿದು ಗಂಟು ಹಾಕಿದಳಂತೆ.

ಪಾಡ್ಯದ ಬೆಳಿಗ್ಗೆ ಕಾಶವ್ವನ ಗಾಡಿ ಬಾಗಿಲಿಗೆ ಬಂದಿತ್ತಂತೆ. ಈರಪ್ಪ ಆಗಲೇ ಎತ್ತು ತಂದು ಕಟ್ಟೆಯ ಕಂಬಕ್ಕೆ ಕಟ್ಟಿದ್ದನಂತೆ. ಬಾಳವ್ವ ಸೇರಿಗೆ ದುಡ್ಡು ಸುರಿದಳಂತೆ. ಸುರಿದಳು, ಸುರಿದಳು, ಒಂದು ಬೆರಳು ಕಡಿಮೆ ಬಿತ್ತಂತೆ! ಬೇಳೆ ಬೆಲ್ಲ ತಿಂದ ದುಡ್ಡು. ಕಡಿಮೆ, ಕಡಿಮೆ ಅಂತ ಈರಪ್ಪ ಕುಣಿದನಂತೆ. ಬಾಳವ್ವ ಗಡಿಗೆಯನ್ನ ಇನ್ನೊಂದು ಸಲ ಬೋರಲು ಹಾಕಿ ತಟ್ಟಿದಳಂತೆ, ಆದರೂ ಬಾಯಿಬಿಟ್ಟು ಬೇಡಲಿಲ್ಲವಂತೆ.

ಕಾಶವ್ವ ಮೂಗೆತ್ತಿ ವಾಸನೆ ಹಿಡಿದು, ಒಳಗೆ ಹೋಳಿಗೆ ಉಳಿದಾವೇನೇ ಅಂದಳಂತೆ. ಉಳಿದಾವೆ, ಆದರೆ ಧರ್ಮಕ್ಕೆ ನೀನು ಒಂದು ಕಾಸೂ ಬಿಡಬೇಡ ಆಯೀ ಅಂದಳಂತೆ ಬಾಳವ್ವ. ಧರ್ಮ ಯಾರು ಮಾಡ್ತಾರೆ ಹುಚ್ಚೀ, ಎರಡು ದಿನದ ದಾರಿ, ನನಗೆ ಬುತ್ತಿ ಬೇಕು, ಕಟ್ಟಿಕೊಡು, ಒಂದು ಬೆರಳಿಗೆ ಸರಿಹೋಯ್ತು ಅಂದಳಂತೆ ಮುದುಕಿ. ಬಾಳವ್ವ ಹೋಳಿಗೆ ಒಂದರ ಮೇಲೊಂದು ಪೇರಿಸಿ ಕಟ್ಟಿ ತುಪ್ಪದ ಗಿಂಡಿ ಮೇಲಿಟ್ಟು ಕೊಟ್ಟಳಂತೆ. ಈಗ ಜಾಸ್ತಿ ಆಯ್ತಲ್ಲೇ ಅಂದರೆ, ಅದು ನನ್ನ ದೊಡ್ಡತನ ಅಂದಳಂತೆ.

ಈರಪ್ಪ ಎತ್ತು ಬಿಚ್ಚಿಕೊಂಡು ಹೊರಟಾಗ, ತಡಿಯೋ ಅಂತ ಎತ್ತಿನ ಬಾಯಿಗೂ ಒಂದು ಹೋಳಿಗೆ ಇಟ್ಟಳಂತೆ. ಆಮೇಲೆ ಕಟ್ಟೆ ಮೇಲೆ ಕಾಲು ಚಾಚಿ ಕೂತು, ಆಚೆ ಈಚೆ ನೋಡಿದಳಂತೆ. ಯಾರೂ ಏಳು ಅನ್ನಲಿಲ್ಲವಂತೆ. ಅವತ್ತಿನಿಂದ ಕೌದಿ ಬೇಕಾದವರೇ ಅವಳ ಕಟ್ಟೆಗೆ ಬಂದು, ಕೈಯಲ್ಲಿ ಚಿಲ್ಲರೆ ಹಿಡಕೊಂಡು ನಿಲ್ಲೋರಂತೆ.

ಕತೆ ಮುಗೀತು ಕೂಸೇ, ಅದರ ಮೂಲೆಯೂ ಹೊಲಿದಾಯ್ತು. ನಿನ್ನ ಕೌದಿಯದಾ? ಹೆದರಬೇಡ, ಅದು ಹೊಟ್ಟೆ ತುಂಬ ಉಂಡದ್ದು. ಮಲಗು.