ಸೋಸುವ ಬಟ್ಟೆ ಮತ್ತು ಉಪಾಧ್ಯರ ಉಪಾಯ

ಬೆಟ್ಟದ ಮೇಲಿನ ಒಂದು ದೇವಸ್ಥಾನದಲ್ಲಿ ಪರಮೇಶ್ವರ ಉಪಾಧ್ಯರೆಂಬ ಅಡಿಗೆಯವರಿದ್ದರು. ಒಂದು ದಿನ ಅವರ ಕೈಜಾರಿ ಉಪ್ಪು ಮರಳಿನ ಮೇಲೆ ಚೆಲ್ಲಿತು. ಅವರು ಎರಡನ್ನೂ ಬಾಚಿ ನೀರಿಗೆ ಹಾಕಿ ಬಟ್ಟೆಯಲ್ಲಿ ಸೋಸಿದರು. ಉಪ್ಪು ನೀರಿನಲ್ಲಿ ಕರಗುತ್ತದೆ, ಮರಳು ಕರಗುವುದಿಲ್ಲ. ಆದ್ದರಿಂದ ಮರಳು ಬಟ್ಟೆಯ ಮೇಲೆ ಉಳಿಯಿತು, ಉಪ್ಪುನೀರು ಕೆಳಗಿಳಿಯಿತು. ಆ ನೀರೇ ಸಾರಿಗೆ ಉಪ್ಪಾಯಿತು. ಅಂದಿನಿಂದ ಉಪಾಧ್ಯರನ್ನು ಹಿಡಿಯುವವರಿಲ್ಲ. "ಏನೇ ಬೆರೆತುಹೋಗಲಿ, ನನ್ನ ಹತ್ತಿರ ತನ್ನಿ" ಎಂದು ಕಂಡಕಂಡವರಿಗೆಲ್ಲ ಹೇಳಿದರು.

ಮುಂದಿನ ವಾರ ಇನ್ನೂರು ಜನರ ಊಟವಿತ್ತು. ಸಾರು, ಹುಳಿ ಆಗಿದ್ದವು. ಪಾಯಸಕ್ಕೆ ಸಕ್ಕರೆ ಸಾಲದೆನಿಸಿ, ಉಪಾಧ್ಯರು ಪಕ್ಕದ ಡಬ್ಬಿಯ ಬಿಳಿ ಪುಡಿಯನ್ನೂ ಸಕ್ಕರೆಗೆ ಸುರಿದು ಕಲಸಿದರು. ನೈವೇದ್ಯಕ್ಕೆ ಮೊದಲು ಅಲ್ಲಿ ಯಾರೂ ಏನನ್ನೂ ರುಚಿ ನೋಡುವಂತಿಲ್ಲ. ನಾಲಿಗೆಯನ್ನು ಕೇಳುವಂತಿಲ್ಲವಾದ್ದರಿಂದ ಅವರು ಕಣ್ಣನ್ನೇ ನಂಬಿದ್ದರು.

ತರಕಾರಿ ಹೆಚ್ಚುತ್ತಿದ್ದ ಚಂದ್ರಾವತಿ ಚೀರಿದಳು. "ಉಪಾಧ್ಯರೇ, ಅದು ಪುಡಿಯುಪ್ಪು!"

ಉಪಾಧ್ಯರು ಕಲಸುವುದನ್ನು ನಿಲ್ಲಿಸಿದರು. ನೈವೇದ್ಯಕ್ಕೆ ಇದ್ದದ್ದು ಅರ್ಧ ಗಂಟೆ. ಅಂಗಡಿಗೆ ಮುನ್ನೂರು ಮೆಟ್ಟಿಲು ಇಳಿಯಬೇಕು, ಮತ್ತೆ ಹತ್ತಬೇಕು. ಪಾಯಸವಿಲ್ಲದಿದ್ದರೆ ದೇವರ ಎಲೆಯೂ ಬರಿದು, ಇಪ್ಪತ್ತು ವರ್ಷದ ಹೆಸರೂ ಮಣ್ಣುಪಾಲು. ಆದರೆ ಮರುಕ್ಷಣವೇ ಅವರ ಮುಖ ಅರಳಿತು.

"ಹೆದರಬೇಡ. ನೀರು ತಾ, ಬಟ್ಟೆ ತಾ!"

"ಅಲ್ಲ ಉಪಾಧ್ಯರೇ, ಸಕ್ಕರೆಯೂ..."

"ನನಗೇ ಪಾಠ ಹೇಳ್ತೀಯಾ? ಸೌತೆಕಾಯಿ ಹೆಚ್ಚು."

ಸಕ್ಕರೆ, ಉಪ್ಪು ಎರಡೂ ನೀರಿಗೆ ಬಿದ್ದವು. ಉಪಾಧ್ಯರು ಗಂಭೀರವಾಗಿ ಸೋಸಿದರು. ಬಟ್ಟೆಯ ಮೇಲೆ ಉಳಿದದ್ದು ಒಂದು ಸತ್ತ ಇರುವೆ.

"ಎಂತ ಇದು? ಒಂದಾದರೂ ಮೇಲೆ ಉಳಿಯಬೇಕಿತ್ತಲ್ಲ!"

"ಎರಡೂ ಕರಗುವಂಥವೇ. ಉಳಿಯುವುದಾದರೂ ಯಾವುದು?" ಎಂದಳು ಚಂದ್ರಾವತಿ. "ನಿಮ್ಮ ಬಟ್ಟೆ ಉಪ್ಪು ಯಾವುದು, ಸಕ್ಕರೆ ಯಾವುದು ಅಂತ ಕೇಳಿ ಕೇಳಿ ಬಿಡುತ್ತದಾ?"

ಉಪಾಧ್ಯರು ಬಟ್ಟೆಯನ್ನು ಕೆಳಗಿಟ್ಟರು. ಬಹಳ ಕಷ್ಟಪಟ್ಟು ಬಾಯಿ ತೆರೆದರು. "ಇನ್ನು ಎಂತ ಮಾಡುವುದು ಮಾರಾಯ್ತಿ? ನೀನೇ ಹೇಳು."

"ಅನಾನಸು ಗೊಜ್ಜು ಇನ್ನೂ ಆಗಿಲ್ಲವಲ್ಲ? ಗೊಜ್ಜಿಗೆ ಉಪ್ಪೂ ಬೇಕು, ಸಿಹಿಯೂ ಬೇಕು. ಈ ನೀರನ್ನು ಅಂದಾಜಿನಲ್ಲಿ ಅಳೆದು ಅದಕ್ಕೆ ಹಾಕಿ. ಗೊಜ್ಜಿಗೆಂದು ತಂದ ಬೆಲ್ಲ ಪಾಯಸಕ್ಕೆ ಹೋಗಲಿ."

ಹಾಗೇ ಮಾಡಿದರು. ಗಂಟೆ ಬಾರಿಸುವ ಹೊತ್ತಿಗೆ ದೇವರ ಮುಂದೆ ಬೆಲ್ಲದ ಪಾಯಸ ಹಬೆಯಾಡುತ್ತಿತ್ತು. ಊಟದಲ್ಲಿ ಜನ ಗೊಜ್ಜನ್ನು ಮೂರು ಮೂರು ಸಲ ಬಡಿಸಿಕೊಂಡರು.

"ಏನು ಉಪಾಧ್ಯರೇ, ಗೊಜ್ಜು ಇಷ್ಟು ಚೆನ್ನಾಗಿದೆ! ಗುಟ್ಟೇನು?" ಎಂದು ಒಬ್ಬರು ಕೇಳಿದರು.

ಉಪಾಧ್ಯರು ಅಭ್ಯಾಸದಂತೆ ಎದೆಯುಬ್ಬಿಸಿದರು. ಆಮೇಲೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಂದ್ರಾವತಿಯನ್ನು ನೋಡಿ ಮೆಲ್ಲಗೆ ಉಸಿರು ಬಿಟ್ಟರು.

"ಮುಕ್ಕಾಲು ಪಾಲು ಅವಳ ಬುದ್ಧಿ," ಎಂದರು. "ಕಾಲು ಪಾಲು ನನ್ನ ದಡ್ಡತನ."

ನೀತಿ: ಒಮ್ಮೆ ಗೆದ್ದ ಉಪಾಯ ಎಲ್ಲ ಕಡೆಯೂ ಗೆಲ್ಲುವುದಿಲ್ಲ. ಕರಗುವುದು ಯಾವುದು, ಕರಗದ್ದು ಯಾವುದು ಎಂದು ಮೊದಲು ತಿಳಿಯಬೇಕು. ತಿಳಿದವರು ಹೇಳುವಾಗ ಕಿವಿಗೊಡಬೇಕು.