ದೊರೆಯ ಮೆಟ್ಟಿಲು ಹತ್ತಿದ ಬೋರವ್ವ

ಕೆಂಗಲ್ಲುಗುಡ್ಡ ಅಂತ ಒಂದು ಪುಟ್ಟ ಸಂಸ್ಥಾನ. ಅದಕ್ಕೊಬ್ಬ ದೊರೆ, ಮುದ್ದಯ್ಯ ನಾಯಕ. ಅವನ ಅರಮನೆಯಲ್ಲಿ ರಾಗಿ ಬೀಸುವವಳು ಬೋರವ್ವ. ಇದು ಬೋರವ್ವನ ಸಿಟ್ಟಿನ ಕಥೆ. ಗೋಡೆಗೆ ಒರಗಿ ಕೂತವರು ನೆಟ್ಟಗೆ ಕೂರಿ, ಹೇಳುತ್ತೇನೆ.

ಆ ಸಂಸ್ಥಾನಕ್ಕೊಂದು ಕಟ್ಟಳೆ ಇತ್ತು. ಹೊಸ ರಾಗಿ ಕಣಕ್ಕೆ ಬಂದ ದಿನ ದೊರೆಯಾದವನು ಕೋಟೆಯ ನೂರೊಂದು ಮೆಟ್ಟಿಲು ಹತ್ತಬೇಕು. ಪಲ್ಲಕ್ಕಿ ಇಲ್ಲ, ಹೆಗಲ ಆಸರೆ ಇಲ್ಲ, ಅವನ ಕಾಲು ಅವನೇ ಎತ್ತಿಡಬೇಕು. ತುದಿಯ ಬುರುಜಿನಲ್ಲಿರುವ ನಗಾರಿಯನ್ನು ಕೈಯಾರೆ ಬಾರಿಸಬೇಕು. ಆಮೇಲೇ ಊರಿನವರು ಹೊಸ ರಾಗಿಯ ಮುದ್ದೆ ಉಣ್ಣುವುದು. ಹತ್ತಲಾರದ ದೊರೆ ಪಟ್ಟ ಬಿಡಬೇಕು. ಅವತ್ತು ಯಾರು ಹತ್ತಿ ನಗಾರಿ ಬಾರಿಸುತ್ತಾನೋ ಅವನೇ ದೊರೆ.

ಮುದ್ದಯ್ಯ ಚಿಕ್ಕವನಿದ್ದಾಗ ಆ ಮೆಟ್ಟಿಲುಗಳ ಮೇಲೆ ಕುರಿಮರಿಯ ಹಾಗೆ ಕುಣಿಯುತ್ತಿದ್ದ. ತಾಯಿಯಿಲ್ಲದ ಕೂಸು. ಬೋರವ್ವನೇ ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದಿ ಬಾಯಿಗಿಟ್ಟು ಸಾಕಿದಳು. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅನ್ನುತ್ತಾರಲ್ಲ, ಹಾಗೆ ಬೆಳೆದ ಹುಡುಗ.

ಪಟ್ಟಕ್ಕೆ ಬಂದ ಮೇಲೆ ಆಸ್ಥಾನಕ್ಕೆ ಒಬ್ಬ ವೈದ್ಯ ಬಂದ. ವಾಮದೇವ ಪಂಡಿತ ಅಂತ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತ ಗಾದೆ ಇದೆ. ಈ ಪಂಡಿತ ಹಾಲು ಅನ್ನಕ್ಕೆ ನಿಲ್ಲಲಿಲ್ಲ. ಹೋಳಿಗೆಗೆ ತುಪ್ಪ ಹೇಳಿದ, ತುಪ್ಪದ ಮೇಲೆ ಸಕ್ಕರೆ ಹೇಳಿದ, ಉಂಡ ಮೇಲೆ ಸಂಜೆಯವರೆಗೂ ಮಲಗಲು ಹೇಳಿದ. ದೊರೆಯ ಪಾದ ನೆಲ ಮುಟ್ಟಿದರೆ ತೇಜಸ್ಸು ಇಳಿದುಹೋಗುತ್ತದೆ ಅಂತ ಬೇರೆ ಹೇಳಿದ. ದೊರೆಗೆ ಅದೆಲ್ಲ ಅಮೃತದ ಹಾಗೆ ಕೇಳಿಸಿತು.

ಆ ಸಲದ ಕಣದ ದಿನ ದೊರೆ ಹೇಗೋ ಮೆಟ್ಟಿಲು ಹತ್ತಿದ. ಒಂದು ವರ್ಷ ತುಂಬುವಷ್ಟರಲ್ಲಿ ಏದುಸಿರು ಶುರುವಾಯಿತು.

"ಪಂಡಿತರೇ, ಮಂಚದಿಂದ ಏಳುವಷ್ಟರಲ್ಲಿ ಉಸಿರು ಕಟ್ಟುತ್ತದೆ" ಅಂದ ದೊರೆ.

"ಮಹಾಪ್ರಭು, ದೇಹಕ್ಕೆ ಶ್ರಮ ಬೇಕು, ಹಿತಮಿತವಾದ ಊಟ ಬೇಕು. ಆದರೆ ಅದನ್ನೆಲ್ಲ ತಾವೇ ಯಾಕೆ ಮಾಡಬೇಕು? ಹೆಂಡತಿ ಉಪವಾಸ ಮಾಡಿದರೆ ಗಂಡನ ಆಯಸ್ಸು ಹೆಚ್ಚುವುದಿಲ್ಲವೇ? ತಾಯಿ ಹರಕೆ ಹೊತ್ತರೆ ಮಗುವಿನ ಜ್ವರ ಇಳಿಯುವುದಿಲ್ಲವೇ? ಹಾಗೆಯೇ ತಮ್ಮ ಪರವಾಗಿ ಯಾರಾದರೂ ದುಡಿದರೆ ಸಾಕು, ಫಲ ತಮಗೇ ಸಲ್ಲುತ್ತದೆ."

ಸಭೆಯಲ್ಲಿ ಕೂತ ದೊಡ್ಡ ಮನುಷ್ಯರೆಲ್ಲ ತಲೆದೂಗಿದರು. ಅವರ ಮನೆಗಳಲ್ಲೂ ಉಪವಾಸ ಮಾಡುತ್ತಿದ್ದವರು ಹೆಂಗಸರೇ ಅಲ್ಲವೇ, ಮಾತು ಸರಿ ಅನ್ನಿಸಿತು. ಸಾಕಿದವಳೇ ತಕ್ಕವಳು ಅಂತ ಬೋರವ್ವನನ್ನು ಕರೆಸಿದರು. ಬೆಳಿಗ್ಗೆ ನೂರೊಂದು ಮೆಟ್ಟಿಲು ಹತ್ತಿಳಿಯಬೇಕು. ಮಧ್ಯಾಹ್ನ ಮುದ್ದೆ, ಸೊಪ್ಪು, ಮಜ್ಜಿಗೆ ಉಣ್ಣಬೇಕು. ಸಂಜೆ ಎರಡು ಸೇರು ರಾಗಿ ಬೀಸಬೇಕು. ಪ್ರತಿ ಸಲವೂ "ಇದು ದೊರೆಗೆ ಸಲ್ಲಲಿ" ಅಂತ ಗಟ್ಟಿಯಾಗಿ ಹೇಳಬೇಕು.

ಬೋರವ್ವನಿಗೆ ಮೈ ಉರಿದುಹೋಯಿತು. "ಬುದ್ಧೀ, ನಾನ್ ಉಂಡ್ರೆ ನನ್ ಹೊಟ್ಟೆ ತುಂಬ್ತದೆ. ನಿಮ್ದು ಹೆಂಗ್ ತುಂಬ್ತದೆ?"

"ಪಂಡಿತರು ಓದಿದವರು ಬೋರವ್ವ. ಹೇಳಿದಷ್ಟು ಮಾಡು" ಅಂದ ದೊರೆ, ಮಲಗಿದಲ್ಲಿಂದಲೇ.

ಮಾಡಿದಳು. ಅನ್ನದ ಋಣ. ಆದರೆ ಒಂದೊಂದು ಮೆಟ್ಟಿಲಿಗೂ ಹಲ್ಲು ಕಚ್ಚಿದಳು.

ಒಂದು ತಿಂಗಳಾಯಿತು. ದೊರೆಯ ನಡುಪಟ್ಟಿ ಹೊಟ್ಟೆ ಸುತ್ತಲು ಸಾಲಲಿಲ್ಲ. "ಬೋರಿ ಮನಸ್ಸಿಟ್ಟು ಹತ್ತುತ್ತಿಲ್ಲ" ಅಂದ ಪಂಡಿತ. ಅವಳಿಗೆ ದಿನಕ್ಕೆ ಎರಡು ಸಲ ಮೆಟ್ಟಿಲು ಹತ್ತುವ ಅಪ್ಪಣೆಯಾಯಿತು.

ಎರಡು ತಿಂಗಳಾಯಿತು. ದೊರೆಯನ್ನು ಮಂಚದಿಂದ ಎಬ್ಬಿಸಲು ಇಬ್ಬರು ಆಳು ಬೇಕಾದರು. "ಬೋರಿ ಸೊಪ್ಪು ಬಿಟ್ಟು ಬರೀ ಮುದ್ದೆ ಉಣ್ಣುತ್ತಿದ್ದಾಳೆ" ಅಂದ ಪಂಡಿತ. ಅವಳ ಊಟಕ್ಕೆ ಕಾವಲು ಕೂತಿತು.

ಮೂರು ತಿಂಗಳಾಯಿತು. ಕೂತು ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ದೊರೆಯ ತುಟಿ ನೀಲಿಗಟ್ಟಿತು. "ಬೋರಿಯ ಬಾಯಲ್ಲಿ ಮಾತು ಇದೆ, ಮನಸ್ಸಿನಲ್ಲಿ ದೊರೆ ಇಲ್ಲ" ಅಂದ ಪಂಡಿತ. ಮೂರು ಸಲ ಹತ್ತು ಅಂದರು. ಅರವತ್ತು ವರ್ಷದ ಮುದುಕಿ ಮೆಟ್ಟಿಲು ಹತ್ತಿ ಹತ್ತಿ ಕಲ್ಲಿನ ಹಾಗೆ ಗಟ್ಟಿಯಾದಳು. ಮೂವತ್ತು ವರ್ಷದ ದೊರೆ ಮಂಚದ ಮೇಲೆ ಕೊಳೆಯುತ್ತಿದ್ದ, ಬೈಗುಳ ಮಾತ್ರ ಮುದುಕಿಗೆ. ನನಗಂತೂ ಇದನ್ನು ಹೇಳುವಾಗ ಇವತ್ತಿಗೂ ರಕ್ತ ಕುದಿಯುತ್ತದೆ.

ಬೆಳಗಿನ ಹೊತ್ತು ಆ ಮೆಟ್ಟಿಲುಗಳ ಮೇಲೆ ಬೋರವ್ವನ ಜೊತೆ ಇನ್ನೊಬ್ಬನೂ ಹತ್ತುತ್ತಿದ್ದ. ಹೆಗಲ ಮೇಲೆ ಮರಳಿನ ಮೂಟೆ ಹೊತ್ತ ಗಟ್ಟಿ ಆಳು, ಪಂಡಿತನ ಅಳಿಯ ಭೈರಣ್ಣ. ಒಂದು ದಿನ ಬೋರವ್ವ ಕೇಳಿದಳು.

"ನೀನ್ ಯಾರ್ ಪರವಾಗಿ ಹತ್ತುತಾ ಇದ್ದೀಯಪ್ಪಾ?"

ಭೈರಣ್ಣ ನಕ್ಕ. "ಯಾರ ಪರವಾಗಿ ಅಂದ್ರೆ? ನನಗೇ ಅಜ್ಜಿ. ದಿನಾ ಹತ್ತು, ಮನೇಲಿ ಮುದ್ದೆ ಸೊಪ್ಪು ಬಿಟ್ಟು ಬೇರೆ ಮುಟ್ಟಬೇಡ ಅಂತ ಮಾವ ಹೇಳಿದ್ದಾರೆ. ಕಣದ ದಿನಕ್ಕೆ ಇನ್ನು ಎರಡೇ ತಿಂಗಳು ಉಳಿದಿರೋದು ಅಂತಾರೆ. ಯಾಕೆ ಅಂತ ನಂಗೊತ್ತಿಲ್ಲ."

ಬೋರವ್ವನಿಗೆ ಗೊತ್ತಾಯಿತು. ದೊರೆಗೆ ತುಪ್ಪ, ಅಳಿಯನಿಗೆ ಮುದ್ದೆ. ದೊರೆಗೆ ಮಂಚ, ಅಳಿಯನಿಗೆ ಮೆಟ್ಟಿಲು. ಕಣದ ದಿನ ಯಾರು ಕೆಳಗೆ ಉಳಿಯುತ್ತಾರೆ, ಯಾರು ನಗಾರಿ ಬಾರಿಸುತ್ತಾರೆ ಅಂತ ಹೇಳಲು ಪಂಚಾಂಗ ಬೇಕಿರಲಿಲ್ಲ. ಓಡಿಹೋಗಿ ಹೇಳಿದರೆ ನಂಬುವವರು ಯಾರು? ರಾಗಿ ಬೀಸುವವಳ ಮಾತು ಒಂದು ಕಡೆ, ಓದಿದವನ ಮಾತು ಒಂದು ಕಡೆ. ಪಂಡಿತನ ಬಾಯಿಂದಲೇ ನಿಜ ಹೊರಡಿಸಬೇಕು ಅಂದುಕೊಂಡಳು. ಸಿಟ್ಟನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು, ಮಾರನೆಯ ದಿನ ಹೊತ್ತು ಮೂಡುವಾಗಲೇ ಸಭೆಗೆ ಹೋಗಿ ಕೈಮುಗಿದಳು.

"ಬುದ್ಧೀ, ಪಂಡಿತರು ನಿಮ್ಗೋಸ್ಕರ ಹಗಲೂ ರಾತ್ರಿ ಬಳಲವ್ರೆ. ಇವತ್ತೊಂದಿನ ಅವ್ರ ಪರವಾಗಿ ನಾನೇ ಉಣ್ತೀನಿ. ಅವ್ರು ನಿಮ್ಮೆದ್ರಿಗೆ ಸುಮ್ಕೆ ಕೂತಿರ್ಲಿ, ಕೂತಲ್ಲೇ ಪುಷ್ಟಿಯಾಗ್ಲಿ."

ದೊರೆಗೆ ಸಂತೋಷವಾಯಿತು. ಪಂಡಿತ ಇಕ್ಕಟ್ಟಿಗೆ ಸಿಕ್ಕಿದ. ಬೇಡ ಅಂದರೆ ತನ್ನ ಶಾಸ್ತ್ರವೇ ಸುಳ್ಳು. ಕೂತ.

ಬೆಳಿಗ್ಗೆ ಅಕ್ಕಿರೊಟ್ಟಿ, ಬೆಣ್ಣೆ ಬಂತು. ಬೋರವ್ವ ತಟ್ಟೆ ಎಳೆದುಕೊಂಡಳು. "ಇದು ಪಂಡಿತರಿಗೆ ಸಲ್ಲಲಿ" ಅಂದಳು, ಉಂಡಳು. ಪಂಡಿತ ಮುಗುಳ್ನಕ್ಕ.

ಮಧ್ಯಾಹ್ನ ಅನ್ನ, ಹುಳಿ, ಹಪ್ಪಳ ಬಂತು. "ಇದು ಪಂಡಿತರಿಗೆ ಸಲ್ಲಲಿ" ಅಂದಳು, ಉಂಡಳು. ಪಂಡಿತ ನಗಲಿಲ್ಲ. ಅವನ ಹೊಟ್ಟೆ ಗುರುಗುಟ್ಟಿದ್ದು ದೊರೆಗೂ ಕೇಳಿಸಿತು.

ಮಳೆ ನಿಂತ ಮೇಲಿನ ಸುಡು ಬಿಸಿಲು. ಬೆಳಗಿನಿಂದ ಪಂಡಿತನ ನಾಲಿಗೆಗೆ ಹನಿ ನೀರು ತಾಗಿರಲಿಲ್ಲ. ಇಳಿಹೊತ್ತಿಗೆ ತಣ್ಣನೆ ಮಜ್ಜಿಗೆಯ ಚೆಂಬು ಬಂತು. ಬೋರವ್ವ ಎತ್ತಿದಳು. "ಇದು ಪಂಡಿತರಿಗೆ..." ಅನ್ನುವಷ್ಟರಲ್ಲಿ ಪಂಡಿತ ಎದ್ದು ಚೆಂಬಿಗೆ ಕೈ ಹಾಕಿದ.

"ಕೊಡೇ ಇಲ್ಲಿ! ನೀನು ಕುಡಿದರೆ ನನ್ನ ದಾಹ ತೀರುತ್ತದೇನೇ?"

ಸಭೆಯವರೆಲ್ಲ ಪಂಡಿತನತ್ತ ತಿರುಗಿದರು. ಬೋರವ್ವ ಚೆಂಬು ಕೆಳಗಿಟ್ಟಳು.

"ತೀರಾಕಿಲ್ವಾ? ಹಂಗಾದ್ರೆ ನಾನ್ ಮೆಟ್ಲು ಹತ್ತಿದ್ರೆ ದೊರೆ ಕಾಲಿಗೆ ಬಲ ಬತ್ತದಾ? ನಾನ್ ಸೊಪ್ಪು ತಿಂದ್ರೆ ದೊರೆ ಮೈ ಹಗುರಾಗ್ತದಾ? ನಿನ್ ಅಳಿಯನ ಪರವಾಗಿ ಮಾತ್ರ ಯಾರೂ ಹತ್ತಾಕಿಲ್ಲ ಯಾಕೆ? ಅವನಿಗೆ ಮರಳ್ ಮೂಟೆ ಹೊರಿಸಿ, ಕಣದ ದಿನಕ್ಕೆ ಅಂತ ನೀನೇ ಯಾಕ್ ಹತ್ತಿಸ್ತಿದ್ದೀಯ?"

ದೊರೆ ಭೈರಣ್ಣನನ್ನು ಕರೆಸಿ ಕೇಳಿದ. ಒಳಗುಟ್ಟು ತಿಳಿಯದ ಭೈರಣ್ಣ ಮಾವ ಹೇಳಿದ್ದನ್ನೆಲ್ಲ ಹಾಗೇ ಹೇಳಿಬಿಟ್ಟ. ದೊರೆಯ ಮುಖ ಕೆಂಡವಾಯಿತು.

"ಈ ದ್ರೋಹಿಯನ್ನು..." ಅಂತ ಏಳಲು ಹೋದ. ಏಳಲಾಗಲಿಲ್ಲ. ಧೊಪ್ಪನೆ ಹಿಂದಕ್ಕೆ ಬಿದ್ದ.

ಬೋರವ್ವನ ಸಿಟ್ಟು ಆಗ ಅವನ ಕಡೆ ತಿರುಗಿತು. ಬುದ್ಧೀ ಗಿದ್ಧೀ ಅನ್ನುವ ಮರ್ಯಾದೆಯನ್ನೆಲ್ಲ ಮರೆತಳು.

"ಅವನ ಮೇಲ್ ಯಾಕ್ ಹಾರಾಡ್ತೀಯ ಮಗಾ? ಅವನು ಸುಳ್ ಹೇಳ್ದ, ನಿಜ. ನಂಬಿದ್ ಯಾರು? ನಿನ್ ಸೋಮಾರಿ ಮೈಗೆ ಏನ್ ಬೇಕಾಗಿತ್ತೋ ಅದ್ನೇ ಹೇಳ್ದ. ನಾನ್ ಮೊದಲ್ನೇ ದಿನಾನೇ ನಿಜ ಹೇಳಿದ್ನಲ್ಲ, ಕೇಳಿದ್ಯಾ? ನಾನು ಈ ಕೈಯಲ್ಲಿ ಸಾಕಿದ ಹುಡ್ಗ ನನ್ ಕಣ್ಮುಂದೆ ಸಾಯೋದನ್ನ ಮೂರ್ ತಿಂಗ್ಳಿಂದ ನೋಡ್ತಿದ್ದೀನಿ. ನಂಗೆ ಅವನಿಗಿಂತ ನಿನ್ ಮೇಲೇ ಸಿಟ್ಟು ಜಾಸ್ತಿ."

ಅಷ್ಟು ಹೇಳಿ ಅತ್ತಳು. ದೊರೆ ತಲೆ ತಗ್ಗಿಸಿದ. "ನಾಳೆ ಬೆಳಿಗ್ಗೆ ನನ್ನನ್ನ ಎಬ್ಬಿಸವ್ವ" ಅಂದ.

ಎಬ್ಬಿಸಿದಳು. ಮೊದಲ ದಿನ ಮೂರು ಮೆಟ್ಟಿಲು ಹತ್ತಿ ಕೂತುಬಿಟ್ಟ. "ಸಾಕು, ನಾಳೆ ನಾಲ್ಕು" ಅಂದಳು ಬೋರವ್ವ. ತುಪ್ಪದ ಭರಣಿ ಉಗ್ರಾಣಕ್ಕೆ ಹೋಯಿತು, ಹೋಳಿಗೆ ಹಬ್ಬಕ್ಕೆ ಹೋಯಿತು. ಮುದ್ದೆ, ಸೊಪ್ಪು, ಮಜ್ಜಿಗೆ ತಟ್ಟೆಗೆ ಬಂದವು. ಹಗಲು ನಿದ್ದೆ ಹೋಗಿ ಬೀಸುವ ಕಲ್ಲಿನ ಗೂಟ ಕೈಗೆ ಬಂತು. ದೊರೆ ಗೊಣಗಿದ, ಬೈದ, ಒಂದು ದಿನ ಅಡುಗೆಮನೆಯಲ್ಲಿ ಸಕ್ಕರೆ ಕದ್ದು ಸಿಕ್ಕಿಬಿದ್ದ. ಆದರೂ ಬೆಳಿಗ್ಗೆ ಎದ್ದ.

ಕಣದ ದಿನ ಬಂತು. ಊರೆಲ್ಲ ಕೋಟೆಯ ಬುಡದಲ್ಲಿ ಸೇರಿತು. ಮುದ್ದಯ್ಯ ಮೂವತ್ತು ಹತ್ತಿ ನಿಂತ. ಅರವತ್ತು ಹತ್ತಿ ಮೊಣಕಾಲು ಹಿಡಿದು ನಿಂತ. ತೊಂಬತ್ತಕ್ಕೆ ನೆಲಕ್ಕೆ ಕೈಯೂರಿದ. ಕೆಳಗೆ ಬೋರವ್ವ ಉಸಿರು ಬಿಗಿಹಿಡಿದಳು, ಆದರೆ ಅವನ ಪರವಾಗಿ ಉಸಿರಾಡಲು ಅವಳಿಗೂ ಆಗುವುದಿಲ್ಲವಲ್ಲ. ಅವನೇ ಎದ್ದ. ಅವನೇ ಹತ್ತಿದ. ನಗಾರಿಯ ಸದ್ದಿಗೆ ಕೋಟೆಯ ಪಾರಿವಾಳಗಳೆಲ್ಲ ಹಾರಿದವು.

ಆಮೇಲೆ, ಅಷ್ಟು ದಿನ ಸೆರೆಯಲ್ಲಿದ್ದ ಪಂಡಿತನ ಶಿಕ್ಷೆ. ದಿನಾ ನಾಲ್ಕು ಸೇರು ರಾಗಿ ಬೀಸಿಯೇ ಉಣ್ಣಬೇಕು ಅಂದ ದೊರೆ.

"ಮಹಾಪ್ರಭು, ನನಗೆ ವಯಸ್ಸಾಯಿತು" ಅಂತ ಪಂಡಿತ ಕೈ ಜೋಡಿಸಿದ. "ನನ್ನ ಪರವಾಗಿ ಅಳಿಯ ಬೀಸಬಹುದೇ?"

ಇಡೀ ಸಭೆ ನಕ್ಕಿತು. ಬೋರವ್ವ ಮಾತ್ರ ನಗಲಿಲ್ಲ. ಬೀಸುವ ಕಲ್ಲನ್ನು ಅವನ ಮುಂದೆ ತಳ್ಳಿ, ದೊರೆಯ ಕಡೆ ತಿರುಗಿ, "ನಗಾರಿ ಹೊಡ್ದಾಯ್ತು ಅಂತ ನಾಳೆ ಮಲಗ್‌ಬೇಡ, ಕೋಳಿ ಕೂಗೋ ಹೊತ್ಗೆ ಬತ್ತೀನಿ" ಅಂದಳು.

ಕೇಳಿದಿರಲ್ಲ? ಹಿಡಿ ಸೊಪ್ಪು ಬೇಡ, ನಾಲ್ಕು ಹೆಜ್ಜೆ ನಡೆಯುವುದು ಬೇಡ, ಲೇಹ್ಯ ಮಾತ್ರ ಬೇಕು ಅನ್ನುವವರು ಈ ಊರಲ್ಲೂ ಇದ್ದಾರೆ, ಹೆಸರು ಹೇಳುವುದಿಲ್ಲ. ನಿಮ್ಮ ಹೊಲ ಇನ್ನೊಬ್ಬರು ಉತ್ತಾರು, ನಿಮ್ಮ ಮನೆ ಇನ್ನೊಬ್ಬರು ಕಟ್ಟಾರು. ಆದರೆ ನಿಮ್ಮ ಮೈಗೆ ಬೇಕಾದ ತುತ್ತು ನೀವೇ ಉಣ್ಣಬೇಕು, ನಿಮ್ಮ ಮೆಟ್ಟಿಲು ನೀವೇ ಹತ್ತಬೇಕು, ಅದೂ ದಿನಾ. ಕಥೆ ಮುಗಿಯಿತು. ಏಳಿ, ಮನೆಗೆ ನಡೆದುಕೊಂಡೇ ಹೋಗಿ.