ಮಗ್ಗಕ್ಕೆ ಸಾಕು ಎಂದ ನೇಕಾರ ದಂಪತಿ

ಬತ್ತಿ ಸರಿಮಾಡಿ, ಅಕ್ಷತೆ ಹಿಡಿದು ಕೂಡಿರಿ. ದುಡಿದು ಬಂದವರು ಕಾಲು ಚಾಚಿಯೇ ಕೇಳಬಹುದು. ದುಡಿಯುವ ಕೈಗಳನ್ನು ಕಾಯುವ ಸಾಕವ್ವ ತಾಯಿ ತಪ್ಪು ಹಿಡಿಯುವವಳಲ್ಲ.

ಮಲಪ್ರಭೆಯ ದಂಡೆಯ ಊರೊಂದರಲ್ಲಿ ಗಿರಿಮಲ್ಲಪ್ಪನೆಂಬ ನೇಕಾರನೂ ಅವನ ಹೆಂಡತಿ ನೀಲಗಂಗವ್ವನೂ ಕೈಮಗ್ಗದಲ್ಲಿ ಕುಪ್ಪಸದ ಖಣ ನೇಯ್ದು, ಇದ್ದುದನ್ನು ಉಂಡು, ದೀಪ ಹಚ್ಚುವ ಹೊತ್ತಿಗೆ ಮಗ್ಗ ಒರೆಸಿ, "ಇವತ್ತಿಗೆ ಇಷ್ಟು ಸಾಕು ತಾಯಿ" ಎಂದು ಕೈಮುಗಿದು, ಸಾಕವ್ವನ ವ್ರತ ನಡೆಸಿಕೊಂಡು ಬಂದಿದ್ದರು. ಹೀಗಿರಲಾಗಿ ಮನೆಗೆ ವಿದ್ಯುತ್ ಮಗ್ಗ ಬಂದಿತು. ಅದು ದಣಿಯದ ಮೇಲೆ ನಾವೇಕೆ ನಿಲ್ಲಿಸಬೇಕೆಂದು ಗಿರಿಮಲ್ಲಪ್ಪನು ಸಂಜೆಯ ದೀಪ ಮರೆತು, ವ್ರತ ಬಿಟ್ಟು, ಒಂದರ ಪಕ್ಕಕ್ಕೆ ಇನ್ನೊಂದು ಮಗ್ಗ ಹೂಡಿದನು. ಆ ಸದ್ದಿನಲ್ಲಿ ಗಂಡಹೆಂಡಿರ ಮಾತು ಸನ್ನೆಯಾಯಿತು, ಆಮೇಲೆ ಸನ್ನೆಯೂ ನಿಂತಿತು. ಮಗ್ಗ ನಿಂತರೆ ಫೋನು, ಫೋನು ಇಟ್ಟರೆ ಮಗ್ಗ. ನೀಲಗಂಗವ್ವ ಮಲಗಿದರೂ ಕಿವಿಯೊಳಗೆ ಲಾಳಿ ಓಡುತ್ತಿತ್ತು.

ಒಂದು ದಿನ ನಿಂತಲ್ಲೇ ತೂಕಡಿಸಿದವಳ ಸೆರಗು ಹಲ್ಲುಚಕ್ರಕ್ಕೆ ಸಿಕ್ಕಿ ತೋಳನ್ನೂ ಎಳೆದುಕೊಂಡಿತು. ಕೂಗಿದಳು. ಆಚೆಯ ಮಗ್ಗದ ಬಳಿ ಬೆನ್ನು ಮಾಡಿ ನಿಂತಿದ್ದ ಗಂಡನಿಗೆ ಕೇಳಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ಒಳನುಗ್ಗಿ ಎರಡೂ ಮಗ್ಗಗಳ ಸ್ವಿಚ್ಚು ಆರಿಸಿದಳು.

ಸದ್ದು ಅಡಗಿ, ಹೆಂಡತಿಯ ನರಳಾಟ ಕೇಳಿ, ಗಿರಿಮಲ್ಲಪ್ಪನು ಓಡಿಬಂದು ತೋಳು ಬಿಡಿಸಿ ನೆಲಕ್ಕೆ ಕುಸಿದನು.

"ನೀ ಕೂಗಿದ್ದು ಕೇಳಲಿಲ್ಲ" ಎಂದನು.

"ಇವತ್ತಿಂದಲ್ಲ. ವರ್ಷಾತು ಕೂಗಾಕ ಹತ್ತಿ" ಎಂದಳು ನೀಲಗಂಗವ್ವ.

ಮುದುಕಿಯು, "ಯಂತ್ರ ಬ್ಯಾಡ ಅನ್ನೂದಿಲ್ಲ ಮಗಾ. ಅದಕ್ಕ ಸಾಕು ಅನ್ನಾಕ ಬರೂದಿಲ್ಲ, ಅದನ್ನ ನೀನ ಅನಬೇಕು" ಎಂದು ಹೇಳಿ, ದೀಪದ ಹೊತ್ತಿಗೆ ಯಂತ್ರ ಆರಿಸಿ ಎಣ್ಣೆ ಬಿಟ್ಟು ಒರೆಸಿ, ಹರಿದ ಬಟ್ಟೆಯೊಂದನ್ನು ಕೈಯಾರೆ ಹೊಲಿದು, ಫೋನನ್ನು ಗೂಡಿನಲ್ಲಿಟ್ಟು, ಜೊತೆಗೆ ಕೂತು ಉಣ್ಣುವ ವಿಧಾನವನ್ನು ತಿಳಿಸಿ ಹೊರಟುಹೋದಳು. ಅವಳು ಯಾರೆಂದು ಕೇಳುವ ತ್ರಾಣ ಇಬ್ಬರಿಗೂ ಇರಲಿಲ್ಲ.

ತೋಳು ಮೊದಲಿನಂತಾಗಲಿಲ್ಲ. ಒಂದು ಮಗ್ಗ ಮಾರಿ, ಉಳಿದುದರಲ್ಲಿ ನೇಯುತ್ತ ಮತ್ತೆ ವ್ರತ ಹಿಡಿದರು. ಮದುವೆಯ ಸುಗ್ಗಿಯಲ್ಲಿ ವ್ಯಾಪಾರಿಯೊಬ್ಬನು ದೀಪದ ಹೊತ್ತಿಗೆ ಬಾಗಿಲಲ್ಲಿ ನಿಂತು, "ಇನ್ನೊಂದು ತಾಸು ಓಡಿಸ್ರಿ" ಎಂದಾಗ ಗಿರಿಮಲ್ಲಪ್ಪನು ಸಿಗುವ ದುಡ್ಡಿನ ಲೆಕ್ಕ ಹಾಕಿದನು. ಆದರೂ ಮಗ್ಗ ಆರಿಸಿದನು. ವ್ಯಾಪಾರಿ ಸಿಟ್ಟಾಗಿ ಹೋದನು, ನೇಯ್ಗೆಯ ಗಟ್ಟಿತನ ಬೇರೆಲ್ಲೂ ಕಾಣದೆ ತಿರುಗಿ ಬಂದನು. ಅವರು ಮಾಳಿಗೆ ಕಟ್ಟಲಿಲ್ಲ, ಉಪವಾಸವೂ ಬೀಳಲಿಲ್ಲ. ಒಂದು ಸಂಜೆ ನೀಲಗಂಗವ್ವ ಉಣ್ಣುತ್ತ ಉಣ್ಣುತ್ತಲೇ ಗಂಡನ ಭುಜಕ್ಕೆ ಒರಗಿ ನಿದ್ದೆಹೋದಳು. ಎಂಜಲುಗೈ ಒಣಗಿದರೂ ಅವನು ಅಲ್ಲಾಡಲಿಲ್ಲ.

ಈ ಕಥೆ ಹೇಳಿದವರಿಗೂ ಕೇಳಿದವರಿಗೂ ಸಾಕವ್ವ ತಾಯಿ ಅಂಥ ನಿದ್ದೆಯನ್ನೂ, ಅಲ್ಲಾಡದೆ ಕೂರುವ ಒಂದು ಭುಜವನ್ನೂ ಕೊಡಲಿ. ಅಕ್ಷತೆ ಹಾಕಿರಿ.